ಮಳೆಗಾಲದ ಬಂಡೀಪುರ

ಜುಲೈ 10, 2024, ಬುಧವಾರ

“ಈ ಮಳೇಲಿ ಯಾರಾದ್ರೂ ಕಾಡಿಗೆ ಹೋಗ್ತಾರೇನೇ?” ಅಂತ ಅಕ್ಕ ಫೋನಲ್ಲೇ ನಕ್ಕಳು. ಯಾರೂ ಹೋಗಲ್ಲ ಅಂತಲೇ ನಾವು ಮೈಸೂರಿಂದ ಹೊರಟಿದ್ದು. ಹಿಂದೊಮ್ಮೆ ಬೇಸಿಗೆ ರಜೆಯಲ್ಲಿ ಬಂದು, ಸಫಾರಿ ಟಿಕೆಟ್ ಸಿಗದೆ ಚುರುಮುರಿ ತಿಂದು ವಾಪಸಾಗಿದ್ದೆವು.

ಗುಂಡ್ಲುಪೇಟೆ ಹತ್ತಿರ ರಸ್ತೆಯ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳೋಕೂ ದುಡ್ಡು. ಇವರು ಕೊಡಲ್ಲ ಅಂದರು. ನಾನು ಕೊಟ್ಟೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಬಂಡೀಪುರ ಉದ್ಯಾನದೊಳಗೇ ಇದೆ. ನಮ್ಮ ಕಾರು ಬೆಟ್ಟದ ಬುಡದಲ್ಲೇ ಉಳೀತು, ಮೇಲಕ್ಕೆ ಸಾರಿಗೆ ಬಸ್ಸೇ ಗತಿ. 1,454 ಮೀಟರ್ ಎತ್ತರದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮೆಟ್ಟಿಲು ಹತ್ತುವವರೆಗೂ ಗೋಪುರ ಕಾಣಲಿಲ್ಲ. ಕೊಡೆ ಕಾರಲ್ಲೇ ಬಿಟ್ಟುಬಂದವರು ಯಾರು ಅನ್ನೋ ಮಾತು ಇಲ್ಲಿ ಬೇಡ.

ಮಧ್ಯಾಹ್ನದ ಸಫಾರಿ ಬಸ್ಸಿನಲ್ಲಿ ಏಳೇ ಜನ. ಎಡಗಡೆ ಕಿಟಕಿ ಇವರಿಗೆ, ಬಲಗಡೆಯದು ನನಗೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು ಅಂತ ನಂಜನಗೂಡಿಂದ ಮೂರು ಸಲ ಹೇಳಿದವರು ಈಗ ಗಪ್‌ಚುಪ್. ಸೋನೆ ಮಳೆ, ಟೈರಿಗೆ ಮೆತ್ತುವ ಕೆಂಪು ಕೆಸರು, ಆಳೆತ್ತರದ ಲಂಟಾನ. ಅದರ ಹಿಂದೆ ಆನೆಯೇ ನಿಂತಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

“ಬೇಸಿಗೇಲಾದ್ರೆ ಕೆರೆ ಹತ್ರ ಕಾದ್ರೆ ಸಾಕು ಸಾರ್, ಅವೇ ಬರ್ತವೆ. ಈಗ ಗುಂಡಿಗುಂಡೀಲೂ ನೀರು, ಎಲ್ಲಿ ನೋಡಿದ್ರೂ ಹುಲ್ಲು. ರಸ್ತೆಗೆ ಯಾಕ್ ಬಂದಾವು?” ಅಂದ ಡ್ರೈವರ್.

ಜಿಂಕೆಗಳು ಮಾತ್ರ ಬೇಕಾದಷ್ಟು. ಮಳೆಗೆ ಗರಿ ತೊಯ್ದ ನವಿಲೊಂದು ಬೇಜಾರಿನಲ್ಲಿ ಕೊಂಬೆ ಮೇಲೆ ಕೂತಿತ್ತು. ಒಂದು ತಿರುವಿನಲ್ಲಿ ಕಾಟಿ (ಕಾಡೆಮ್ಮೆ), ಪಕ್ಕದಲ್ಲಿ ಕಂದು ಬಣ್ಣದ ಕರು. ಡ್ರೈವರ್ ಎಂಜಿನ್ ಆಫ್ ಮಾಡಿದ. ಅದು ಹುಲ್ಲು ಕೀಳುವ ಸದ್ದು, ಬಸ್ಸಿನ ತಗಡಿನ ಮೇಲೆ ಹನಿ ಬೀಳುವ ಸದ್ದು, ಅಷ್ಟೇ. ತುಂಬಿದ ಬಸ್ಸಾಗಿದ್ದರೆ ಇದು ಕೇಳುತ್ತಿತ್ತೇ?

ನಾನು ಕಾಟಿಯನ್ನೇ ನೋಡುತ್ತಿದ್ದಾಗ ಎಡಗಡೆಯಿಂದ “ಲೇ, ಬಾಲ!” ಅಂದರು. ತಿರುಗುವಷ್ಟರಲ್ಲಿ ಲಂಟಾನ ಅಲುಗುತ್ತಿತ್ತು. ಡ್ರೈವರೂ ಅದನ್ನ ನೋಡಿರಲಿಲ್ಲ.

ರಾತ್ರಿ ಮಗ ಫೋನ್ ಮಾಡಿ, “ಹುಲಿ ಸಿಕ್ತಾ?” ಅಂದ.

“ಹೂಂ,” ಅಂದರು ಇವರು. “ಮುಸುವ ಇರಬೇಕು ಕಣೋ,” ಅಂದೆ ನಾನು.