ಹ್ಯಾರಿಯರ್ ವಹಿ: ಮೂರನೇ ಚಳಿಗಾಲ

ಈ ಸಲ ಹೊಸದಾಗಿ ಬರೆದದ್ದಕ್ಕಿಂತ ಹಳೆಯದರಲ್ಲಿ ಹೊಡೆದು ಹಾಕಿದ್ದೇ ಜಾಸ್ತಿ.

ಕಲಬುರಗಿಯಿಂದ ಆಳಂದ ಕಡೆಯ ಎರೆ ಹೊಲಗಳಲ್ಲಿ ಚಳಿಗಾಲಕ್ಕೆ ಹ್ಯಾರಿಯರ್ ಎಂಬ ಬೇಟೆ ಹಕ್ಕಿಯಲ್ಲಿ ಎರಡು ಬಗೆ ನೋಡುತ್ತಿದ್ದೇನೆ: ಮೊಂಟಾಗುಸ್, ಪ್ಯಾಲಿಡ್. ಗಂಡುಗಳದ್ದು ತಕರಾರಿಲ್ಲ. ಪ್ಯಾಲಿಡ್ ಗಂಡು ಸುಣ್ಣ ಬಳಿದ ಹಾಗೆ ಬೆಳ್ಳಗೆ, ರೆಕ್ಕೆಯ ತುದಿಗಷ್ಟೇ ಕಪ್ಪು ಬೆಣೆ. ಮೊಂಟಾಗುಸ್ ಗಂಡು ಬೂದಿ ಬಣ್ಣ, ರೆಕ್ಕೆಯ ಮೇಲೆ ಉದ್ದಕ್ಕೂ ಕಪ್ಪು ಗೆರೆ, ಪಕ್ಕೆಯಲ್ಲಿ ಕಂದು ಗೀರು. ತಲೆನೋವೆಲ್ಲ ಹೆಣ್ಣು, ಮರಿಗಳದ್ದು. ಎಲ್ಲವೂ ಕಂದು, ಎಲ್ಲಕ್ಕೂ ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಮೊದಲ ವರ್ಷ ಆ ಬಿಳಿ ಕಂಡರೆ ಸಾಕು, ‘ಪ್ಯಾಲಿಡ್’ ಎಂದು ಗೀಚುತ್ತಿದ್ದೆ. ಎರಡನೇ ವರ್ಷ ರೆಕ್ಕೆ ತುದಿಯಲ್ಲಿ ಬೆರಳಿನ ಹಾಗೆ ಬಿಡಿಬಿಡಿ ಕಾಣುವ ಗರಿ ಎಣಿಸುತ್ತ ಕೂತೆ. ಎರಡಕ್ಕೂ ನಾಲ್ಕೇ!

ಈಗ ಕತ್ತು ನೋಡುತ್ತೇನೆ. ಡಿಸೆಂಬರ್ 14ರ ಬೆಳಿಗ್ಗೆ ಕಡಲೆ ಹೊಲದ ಬದುವಿನಗುಂಟ ಒಂದು ಮರಿ ಮೊಣಕಾಲೆತ್ತರದಲ್ಲಿ ತೇಲಿಕೊಂಡು ನನ್ನ ಕಡೆಗೇ ಬಂತು. ಹೊಟ್ಟೆ ಗೀರಿಲ್ಲದ ಇಟ್ಟಂಗಿ ಬಣ್ಣ. ಕೆನ್ನೆ ಮೇಲೆ ಕಪ್ಪು ಚಂದ್ರ, ಅದರ ಹಿಂದೆ ಕೆನೆಬಣ್ಣದ ಕಾಲರ್, ಕಾಲರಿನ ಹಿಂದೆ ಕತ್ತು ಮತ್ತೆ ಕಪ್ಪು. ಪ್ಯಾಲಿಡ್, ಅನುಮಾನವೇ ಇಲ್ಲ. ಮೊಂಟಾಗುಸ್ ಮರಿಗೆ ಕೆನ್ನೆಯ ಕಪ್ಪು ಇರುತ್ತದೆ, ಇಷ್ಟು ಚೊಕ್ಕ ಕಾಲರ್ ಇರುವುದಿಲ್ಲ.

ಹೊಲದ ಕಾಕಾ ಬಂದು, “ಏನ್ ನೋಡ್ಲತ್ತೀರಿ ಸರ್?” ಅಂದರು. ತೋರಿಸಿದೆ. “ಅದಾ? ಕೋಳಿ ಒಯ್ಯಂಗಿಲ್ಲ ಬಿಡ್ರಿ, ಮಿಡತಿ ಹಿಡಿತದ. ಸಂಜಿಗಿ ಗಿಡದ ಮ್ಯಾಗ ಕೂಡಂಗಿಲ್ಲ, ಆ ಹುಲ್ಲಾಗೇ ಮಕ್ಕೋತಾವ.”

ಎರಡು ವರ್ಷ ನಾನು ಜಾಲಿ ಮರಗಳನ್ನು ಕಾಯುತ್ತಿದ್ದೆ!

ಅದೇ ವಾರ ಮುಸ್ಸಂಜೆ ಅವರು ಹೇಳಿದ ಬೀಳು ನೆಲದ ಹತ್ತಿರ ಕೂತೆ. ಒಟ್ಟು 11 ಇಳಿದವು. ಪ್ಯಾಲಿಡ್ ಗಂಡು ಎರಡು, ಮೊಂಟಾಗುಸ್ ಗಂಡು ಒಂದು, ಕೆನೆಬಣ್ಣದ ತಲೆಯ ದಪ್ಪ ಮಾರ್ಷ್ ಹ್ಯಾರಿಯರ್ ಒಂದು. ಉಳಿದ ಏಳೂ ಕಂದು. ಕಾಲರ್ ಕಂಡದ್ದು ಒಂದರದ್ದು ಮಾತ್ರ. ಆರರ ಮುಂದೆ ‘ಗೊತ್ತಾಗಲಿಲ್ಲ’ ಎಂದು ಬರೆದೆ. ಜಾಗದ ಹೆಸರು ಹಾಕುವುದಿಲ್ಲ; ನೆಲದ ಮೇಲೆ ಮಲಗುವ ಹಕ್ಕಿಗೆ ಊರ ನಾಯಿಗಳ ಕಾಟವೇ ಸಾಕು.

ತೊಗರಿ ಕೊಯ್ದ ಮೇಲೆ ಹೊಲ ಬೋಳಾಗುತ್ತದೆ, ಹೆಂಟೆ ಮೇಲೆ ಕೂತವುಗಳ ಕತ್ತು ನಿಧಾನಕ್ಕೆ ನೋಡಬಹುದು. ಅಷ್ಟರೊಳಗೆ ದುರ್ಬೀನಿನ ಎಡಗಡೆಯ ಸಡಿಲ ಸ್ಕ್ರೂ ಬಿಗಿ ಮಾಡಿಸಬೇಕು.