ಪ್ರೊಪೆಲ್ಲರ್ ಇಲ್ಲದೆ ಅಟ್ಲಾಂಟಿಕ್ ದಾಟಿದ್ದು

ಸಮುದ್ರದೊಳಗೆ ಮನುಷ್ಯರಿಲ್ಲದೆ ತಾವೇ ಓಡಾಡುವ ಗ್ಲೈಡರ್ ಯಂತ್ರಗಳ ಬಗ್ಗೆ ಓದುತ್ತಾ ಕೂತು ಇವತ್ತು ಬೇರೆ ಕೆಲಸವೇ ಸಾಗಲಿಲ್ಲ. ಆಳೆತ್ತರದ ಕೊಳವೆ, ಎರಡು ಸಣ್ಣ ರೆಕ್ಕೆ. ತಳ್ಳುವುದಕ್ಕೆ ಸಾಮಾನ್ಯವಾಗಿ ಪ್ರೊಪೆಲ್ಲರ್ ಕೂಡ ಇರುವುದಿಲ್ಲ. ಒಳಗಿನ ಪಂಪು ಒಂದಿಷ್ಟು ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ಗಾತ್ರ ಹಿಗ್ಗಿ ಮೇಲೇಳುತ್ತದೆ, ವಾಪಸ್ ಎಳೆದುಕೊಂಡರೆ ಮುಳುಗುತ್ತದೆ. ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ ಮೂತಿ ಎತ್ತುತ್ತದೆ, ತಗ್ಗಿಸುತ್ತದೆ. ಈ ಏಳುಬೀಳನ್ನೇ ರೆಕ್ಕೆಗಳು ಮುನ್ನಡೆಯಾಗಿ ತಿರುಗಿಸುತ್ತವೆ. ವೇಗ ಗಂಟೆಗೆ ಸುಮಾರು 1 ಕಿಲೋಮೀಟರ್, ಅಷ್ಟೇ! ಆರಾಮಾಗಿ ನಡೆದುಕೊಂಡು ಹೋಗುವವರೂ ಅದನ್ನು ಹಿಂದೆ ಹಾಕಬಹುದು.

ಆದರೂ 2009ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ 'ಸ್ಕಾರ್ಲೆಟ್ ನೈಟ್' ಎಂಬ ಗ್ಲೈಡರ್ ಅಮೆರಿಕದ ನ್ಯೂಜೆರ್ಸಿ ಕರಾವಳಿಯಿಂದ ಹೊರಟು, 221 ದಿನಗಳಲ್ಲಿ ಸ್ಪೇನ್ ತಲುಪಿತು.

ನೀರಿನಡಿ ಜಿಪಿಎಸ್ ನಡೆಯುವುದಿಲ್ಲ. ಮೇಲೆ ಬಂದಾಗ ಬಾಲದ ಆಂಟೆನಾ ಎತ್ತಿ ಉಪಗ್ರಹದ ಮೂಲಕ ಉಷ್ಣತೆ, ಉಪ್ಪಿನಂಶದ ಲೆಕ್ಕ ಒಪ್ಪಿಸಿ, ಮುಂದಿನ ಅಪ್ಪಣೆ ಪಡೆದು ಮತ್ತೆ ಮುಳುಗುತ್ತದೆ. ಅಷ್ಟರಲ್ಲಿ ಪ್ರವಾಹ ಅದನ್ನು ಎತ್ತ ಎಳೆದೊಯ್ದಿತ್ತೋ! ದಡದಲ್ಲಿರುವವರು ಸುಮ್ಮನೆ ಕಾಯಬೇಕು. ಮೆಸೇಜಿಗೆ ನೀಲಿ ಟಿಕ್ ಬೀಳದಿದ್ದರೆ ಚಡಪಡಿಸುವ ನನಗಂತೂ ಆ ನೌಕರಿ ಆಗಿಬರುವಂಥದ್ದಲ್ಲ.

ಚಂಡಮಾರುತದ ದಾರಿಯಲ್ಲಿ ಹಡಗು ತಂದು ನಿಲ್ಲಿಸಲು ಯಾರಿಗೂ ಧೈರ್ಯ ಬಾರದು, ಗ್ಲೈಡರನ್ನಾದರೆ ಬಿಡಬಹುದು, ಬಿಡುತ್ತಲೂ ಇದ್ದಾರೆ. ಉಪಗ್ರಹ ಅಳೆಯುವುದು ನೀರಿನ ಮೇಲ್ಪದರದ ಬಿಸಿಯನ್ನಷ್ಟೇ. ಆ ಬೆಚ್ಚನೆ ನೀರು ಎಷ್ಟು ಆಳದವರೆಗಿದೆ ಎಂಬುದರ ಮೇಲೂ ಗಾಳಿ ಬಲಿಯುವುದೋ ಸೊರಗುವುದೋ ನಿಂತಿರುತ್ತದಂತೆ.