ಆ ಬಾಗಿಲನ್ನು ತೆರೆಯಬೇಕಾದವರು

ನವೀಕರಿಸಬಹುದಾದ ಇಂಧನದ ಯೋಜನೆಗೆ ಹಣ ಹೂಡುವ ಮುನ್ನ ನಾವು ತಯಾರಿಸುವ ಲೆಕ್ಕಪತ್ರದಲ್ಲಿ ವರ್ಷಕ್ಕೆ ಎಷ್ಟು ಬಿಸಿಲು ಸಿಗುತ್ತದೆ, ಸೌರಫಲಕಗಳ ಸಾಮರ್ಥ್ಯ ಕಾಲಕ್ರಮದಲ್ಲಿ ಎಷ್ಟು ಕುಸಿಯುತ್ತದೆ, ಸಾಲದ ಬಡ್ಡಿ ಎಷ್ಟು, ವಿದ್ಯುತ್ತನ್ನು ಯಾವ ದರಕ್ಕೆ ಮಾರಬಹುದು, ಹಾಕಿದ ಬಂಡವಾಳ ಎಷ್ಟು ವರ್ಷಕ್ಕೆ ಕೈಸೇರುತ್ತದೆ ಎಂಬುದೆಲ್ಲ ಅಚ್ಚುಕಟ್ಟಾಗಿ ಇರುತ್ತದೆ. ಸುತ್ತಲಿನ ಜನರ ಸುರಕ್ಷತೆ ಮಾತ್ರ ಹಾಳೆಯ ಕೊನೆಯಲ್ಲಿ, ‘ಇತರೆ ವೆಚ್ಚಗಳು’ ಎಂಬ ಸಾಲಿನೊಳಗೆ ಸೇರಿಹೋಗಿರುತ್ತದೆ. ನಾನು ಇದೇ ಕ್ಷೇತ್ರದಲ್ಲಿ ದುಡಿಯುವ ಉದ್ಯಮಿ. ಆ ಸಾಲನ್ನು ಹಾಳೆಯ ಮೇಲ್ಭಾಗಕ್ಕೆ, ಫಲಕಗಳ ಬೆಲೆಯ ಪಕ್ಕಕ್ಕೇ ತರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಸ್ಪಷ್ಟ ರೂಪ ಬಂದದ್ದು ನಮ್ಮ ಸೌರ ಸ್ಥಾವರಕ್ಕೂ ಅದರ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿ ಸಂಗ್ರಹಾಗಾರಕ್ಕೂ ಚಾಲನೆ ನೀಡುವ ಮುನ್ನ ಅಗ್ನಿಶಾಮಕ ದಳದವರು ಪರಿಶೀಲನೆಗೆ ಬಂದಿದ್ದ ದಿನ.

ಠಾಣಾಧಿಕಾರಿಗಳು ತಮ್ಮ ತಂಡದ ಕಿರಿಯ ಸಿಬ್ಬಂದಿಯನ್ನೂ ಜೊತೆಗೆ ಕರೆತಂದಿದ್ದರು. ಕಾಗದಪತ್ರಗಳನ್ನು ಆಮೇಲೆ ನೋಡೋಣವೆಂದು ಪಕ್ಕಕ್ಕಿಟ್ಟು, ನೇರವಾಗಿ ಫಲಕಗಳ ಸಾಲುಗಳ ನಡುವೆ ನಡೆದು ಹೋಗಿ, “ಇದಕ್ಕೆ ಬೆಂಕಿ ಬಿದ್ದರೆ ವಿದ್ಯುತ್ತನ್ನು ಪೂರ್ತಿ ಕಡಿದುಹಾಕುವ ಸ್ವಿಚ್ ಎಲ್ಲಿದೆ?” ಎಂದು ಕೇಳಿದರು. ಅಂಥ ಸ್ವಿಚ್ ಇಲ್ಲವೆಂದು ನಮ್ಮ ಎಂಜಿನಿಯರ್ ಹೇಳಿದಾಗ ಕಿರಿಯರು ಪರಸ್ಪರ ಮುಖ ನೋಡಿಕೊಂಡರು. ಏಕಮುಖ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರ್ ನಿಲ್ಲಿಸಬಹುದು, ವಿದ್ಯುತ್ ಜಾಲದ ಸಂಪರ್ಕ ತಪ್ಪಿಸಬಹುದು. ಆದರೆ ಬಿಸಿಲು ಬೀಳುತ್ತಿರುವವರೆಗೂ ಫಲಕದಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಅದು 1500 ವೋಲ್ಟ್‌ವರೆಗೂ ಏರಬಹುದು. ಅದೂ ಏಕಮುಖ ವಿದ್ಯುತ್. ಮನೆಗೆ ಬರುವ ಪರ್ಯಾಯ ವಿದ್ಯುತ್ತು 50 ಹರ್ಟ್ಸ್ ಇದ್ದಲ್ಲಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ತಂತಿ ಬಿಟ್ಟ ಕಡೆ ಹುಟ್ಟಿದ ಕಿಡಿ ಆರಲು ಅವಕಾಶವಾದರೂ ಇರುತ್ತದೆ. ಏಕಮುಖ ವಿದ್ಯುತ್ತಿನಲ್ಲಿ ಹಾಗೆ ಸೊನ್ನೆಗಿಳಿಯುವ ಕ್ಷಣವೇ ಇಲ್ಲ, ಹುಟ್ಟಿದ ಕಿಡಿ ಉರಿಯುತ್ತಲೇ ಇರುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ ಕಟ್ಟಡಗಳ ಮೇಲಿನ ಸೌರಫಲಕಗಳಿಗೆ ಕ್ಷಿಪ್ರವಾಗಿ ವೋಲ್ಟೇಜ್ ಇಳಿಸುವ ವ್ಯವಸ್ಥೆಯನ್ನು 2014ರಲ್ಲಿ ಕಡ್ಡಾಯಗೊಳಿಸಿ, 2017ರ ಆವೃತ್ತಿಯಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದ್ದು, ಚಾವಣಿ ಹತ್ತುವ ಅಗ್ನಿಶಾಮಕರ ಜೀವವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಎಂಜಿನಿಯರ್ ಶಾಖವನ್ನು ಬಣ್ಣಗಳಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾವನ್ನು ಅಧಿಕಾರಿಗಳ ಕೈಗೆ ಕೊಟ್ಟರು. ಪರದೆಯ ಮೇಲೆ ನೀಲಿಯಾಗಿ ಕಾಣುತ್ತಿದ್ದ ಕೇಬಲ್‌ಗಳ ನಡುವೆ, ಅವನ್ನು ಜೋಡಿಸುವ ಒಂದು ಕನೆಕ್ಟರ್ ಮಾತ್ರ ಹಳದಿಗೆ ತಿರುಗಿತ್ತು, ಅಂದರೆ ಕಾದಿತ್ತು. ಬಗ್ಗಿ ನೋಡಿದರೆ ಎರಡು ಬೇರೆ ಬೇರೆ ತಯಾರಕರ ತುದಿಗಳನ್ನು ಒಂದಕ್ಕೊಂದು ಸೇರಿಸಲಾಗಿತ್ತು. ಹೊರಗಿನ ಆಕಾರ ಒಂದೇ, ಒತ್ತಿದರೆ ‘ಟಕ್’ ಎಂದು ಕೂರುತ್ತವೆ. ಆದರೆ ಒಳಗಿನ ಲೋಹದ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಸಂಪರ್ಕ ಸಡಿಲವಾಗಿ, ಕಾವು ಏರಿ, ಕಾಲಾಂತರದಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಸೌರ ಸ್ಥಾವರಗಳಲ್ಲಿ ಬೆಂಕಿಗೆ ಕಾರಣವಾಗುವ ದೋಷಗಳಲ್ಲಿ ಇದು ಎಲ್ಲರಿಗೂ ಪರಿಚಿತವಾದದ್ದು. ಅದನ್ನು ಅಲ್ಲೇ ಕತ್ತರಿಸಿ ಬದಲಾಯಿಸಿದರು. ಒಟ್ಟು ಯೋಜನೆಯ ವೆಚ್ಚದಲ್ಲಿ ಆ ತುಂಡಿನ ಬೆಲೆ ಲೆಕ್ಕಕ್ಕೇ ಬರುವಂಥದ್ದಲ್ಲ. ಅದನ್ನು ಹುಡುಕಿ ತೆಗೆಯುವ ಮನುಷ್ಯನ ಸಮಯಕ್ಕೆ ಬೆಲೆ ಇದೆ, ಕಡಿತದ ಮಾತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದೂ ಆ ಸಮಯಕ್ಕೇ.

ಬ್ಯಾಟರಿಗಳನ್ನು ತುಂಬಿಟ್ಟ ಉಕ್ಕಿನ ಕಂಟೇನರ್‌ಗಳ ಅಂಗಳಕ್ಕೆ ಬಂದಾಗ ಮಾತಿನ ಸ್ವರೂಪವೇ ಬದಲಾಯಿತು. ಅಧಿಕಾರಿಗಳು ಮೊದಲ ಕಂಟೇನರಿನ ಉಕ್ಕಿನ ಬಾಗಿಲಿನ ಮುಂದೆ ನಿಂತು, “ಒಳಗಿನಿಂದ ಹೊಗೆ ಬರುತ್ತಿದೆ ಎಂದಿಟ್ಟುಕೊಳ್ಳಿ. ಈ ಬಾಗಿಲನ್ನು ಯಾರು ತೆರೆಯಬೇಕು, ಯಾವಾಗ ತೆರೆಯಬೇಕು?” ಎಂದರು.

ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಸರ್‌ಪ್ರೈಸ್ ಎಂಬ ಊರಿನ ಬ್ಯಾಟರಿ ಸಂಗ್ರಹಾಗಾರದಲ್ಲಿ ಇದೇ ಬಾಗಿಲಿನ ವಿಷಯಕ್ಕೆ ಅಗ್ನಿಶಾಮಕರು ತೀವ್ರವಾಗಿ ಗಾಯಗೊಂಡರು. ಬೆಂಕಿ ನಂದಿಸುವ ಅನಿಲ ತಾನಾಗಿಯೇ ಬಿಡುಗಡೆಯಾಗಿತ್ತು. ಆದರೆ ಬ್ಯಾಟರಿಯ ಕೋಶಗಳ (ಸೆಲ್‌ಗಳ) ಒಳಗಿನ ರಾಸಾಯನಿಕ ಕ್ರಿಯೆಯನ್ನು ಅದು ತಡೆಯಲಾರದು. ಒಂದು ಕೋಶ ಅತಿಯಾಗಿ ಕಾದು ಹತೋಟಿ ತಪ್ಪಿದರೆ ತನ್ನ ಶಾಖವನ್ನು ಪಕ್ಕದ ಕೋಶಕ್ಕೆ ದಾಟಿಸುತ್ತದೆ, ಅದು ಇನ್ನೊಂದಕ್ಕೆ ದಾಟಿಸುತ್ತದೆ. ಇದನ್ನೇ ಈ ಕ್ಷೇತ್ರದವರು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಜ್ವಾಲೆ ಕಾಣದಿದ್ದರೂ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್‌ನಂಥ ಅನಿಲಗಳು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತಲೇ ಇರುತ್ತವೆ. ಅಲ್ಲಿ ಆದದ್ದೂ ಅದೇ. ಗಂಟೆಗಳ ಬಳಿಕ, ಹೊರಗೆ ಎಲ್ಲವೂ ತಣ್ಣಗಿದ್ದಂತೆ ಕಂಡಾಗ ಬಾಗಿಲು ತೆರೆಯಲಾಯಿತು, ಕೆಲವೇ ನಿಮಿಷಗಳಲ್ಲಿ ಸ್ಫೋಟವಾಯಿತು. 2021ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಬ್ಯಾಟರಿ ಕೇಂದ್ರವೊಂದರ ಬೆಂಕಿ ಆರಿಸಲು ಹೋದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸ್ಫೋಟದಲ್ಲಿ ಪ್ರಾಣ ಕಳೆದುಕೊಂಡರು. ಈ ಎರಡನೆಯ ಘಟನೆಯನ್ನು ಅಧಿಕಾರಿಗಳು ಕಿರಿಯರಿಗೆ ಹೇಳುವಾಗ ಅವರ ದನಿ ಸಣ್ಣಗಾಗಿತ್ತು.

ನಮ್ಮ ಕಂಟೇನರ್‌ಗಳಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು, ನಿಕಲ್ ಬಳಸುವ ಕೋಶಗಳಿಗಿಂತ ಇವು ಹೆಚ್ಚು ಉಷ್ಣತೆಯನ್ನು ತಡೆದುಕೊಳ್ಳುತ್ತವೆ ಎಂದು ನಮ್ಮ ಎಂಜಿನಿಯರ್ ವಿವರಿಸಿದರು. ಮಾತು ನಿಜ. ಆದರೆ ಇಂಥ ಕೋಶವೂ ಒಮ್ಮೆ ಹತೋಟಿ ತಪ್ಪಿದರೆ ಬಿಡುವ ಅನಿಲದಲ್ಲಿ ಹೈಡ್ರೋಜನ್ನಿನ ಪಾಲು ಕಡಿಮೆಯೇನಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಮಾರಾಟದ ಕರಪತ್ರಗಳಲ್ಲಿ ಮೊದಲ ಮಾತು ದಪ್ಪ ಅಕ್ಷರದಲ್ಲಿರುತ್ತದೆ, ಎರಡನೆಯದು ಇರುವುದೇ ಇಲ್ಲ. ಹೂಡಿಕೆದಾರರಿಗೂ ಅಗ್ನಿಶಾಮಕರಿಗೂ ಎರಡನ್ನೂ ಸಮನಾಗಿ ತಿಳಿಸುವುದು ಉದ್ಯಮಿಯ ಕರ್ತವ್ಯವೆಂದು ನಾನು ನಂಬಿದ್ದೇನೆ.

ಬಾಗಿಲಿನ ಪ್ರಶ್ನೆಗೆ ನಮ್ಮ ಉತ್ತರ ಹೀಗಿತ್ತು: ಯಾರೂ ತೆರೆಯಬೇಕಾಗಿಲ್ಲ. ಒಳಗಿನ ಅನಿಲದ ಪ್ರಮಾಣ, ಉಷ್ಣತೆ ಎರಡನ್ನೂ ಪ್ರವೇಶದ್ವಾರದ ಬಳಿಯ ಸೂಚನಾ ಫಲಕದಲ್ಲೇ ಓದಬಹುದು. ಅನಿಲ ಹೆಚ್ಚಾದರೆ ಅದನ್ನು ಹೊರಹಾಕುವ ಫ್ಯಾನ್ ತಾನಾಗಿ ಚಾಲೂ ಆಗುತ್ತದೆ. ಅದೂ ಸಾಲದೆ ಸ್ಫೋಟವಾದರೆ ಒತ್ತಡ ಮನುಷ್ಯರು ನಿಲ್ಲುವ ಕಡೆಗೆ ನುಗ್ಗದೆ ಮೇಲಕ್ಕೆ ಹೋಗುವಂತೆ ಚಾವಣಿಯಲ್ಲಿ ತೆರೆದುಕೊಳ್ಳುವ ಹಲಗೆಗಳಿವೆ. ಬೆಂಕಿ ಬಿದ್ದ ಕಂಟೇನರನ್ನು ಉರಿಯಲು ಬಿಟ್ಟು, ದೂರದಿಂದ ನೀರು ಹಾಯಿಸಿ ಅಕ್ಕಪಕ್ಕದವನ್ನು ತಣ್ಣಗಿಡಬೇಕು. 2021ರ ಜುಲೈನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದೊಡ್ಡ ಬ್ಯಾಟರಿ ಕೇಂದ್ರದಲ್ಲಿ ಪರೀಕ್ಷೆಯ ಹಂತದಲ್ಲೇ ಬೆಂಕಿ ಬಿದ್ದಾಗ ಅಲ್ಲಿನ ಅಗ್ನಿಶಾಮಕರು ಮಾಡಿದ್ದೂ ಹೀಗೆಯೇ. ಬೆಂಕಿ ಹತೋಟಿಗೆ ಬಂತೆಂದು ಘೋಷಿಸಲು ದಿನಗಟ್ಟಲೆ ಹಿಡಿದರೂ ಹಾಳಾದದ್ದು ಎರಡು ಘಟಕಗಳು ಮಾತ್ರ, ಯಾರಿಗೂ ಗಾಯವಾಗಲಿಲ್ಲ. ತಂಪುಗೊಳಿಸುವ ದ್ರವ ಸೋರಿದ್ದು ಅಲ್ಲಿನ ಮೂಲ ಕಾರಣ. ಆ ಘಟಕವನ್ನು ಕೆಲಸದಿಂದ ಹೊರಗಿಟ್ಟಿದ್ದರಿಂದ ಅದರ ನಿಗಾ ವ್ಯವಸ್ಥೆಯೂ ಆಗ ನಿಂತಿತ್ತು. ಚಾಲನೆಗೆ ಮುಂಚಿನ ದಿನಗಳೇ ಹೆಚ್ಚು ಅಪಾಯದವು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಅಧಿಕಾರಿಗಳು ಎಲ್ಲವನ್ನೂ ಕೇಳಿಸಿಕೊಂಡು, “ಸರಿ ಸಾರ್, ಒಂದು ಮಾತು ಹೇಳುತ್ತೇನೆ. ಒಳಗೆ ಯಾರೂ ಇಲ್ಲ ಎಂದು ನಮಗೆ ಖಚಿತವಾಗಿ ಹೇಳುವವರು ಯಾರು? ಆ ಮಾತು ಗಟ್ಟಿಯಾಗಿ ಸಿಕ್ಕಿಬಿಟ್ಟರೆ ನನ್ನ ಹುಡುಗರನ್ನು ನಾನು ಬಾಗಿಲ ಹತ್ತಿರಕ್ಕೂ ಕಳಿಸುವುದಿಲ್ಲ. ಸಿಗದಿದ್ದರೆ ಕಳಿಸಲೇಬೇಕಾಗುತ್ತದೆ,” ಎಂದರು.

ಅನಿಲದ ಸೆನ್ಸರ್, ಫ್ಯಾನ್, ಉಕ್ಕಿನ ಹಲಗೆ ಇವೆಲ್ಲಕ್ಕೂ ನಮ್ಮಲ್ಲಿ ದರಪಟ್ಟಿ ಇತ್ತು. ಈ ಪ್ರಶ್ನೆಗೆ ದರಪಟ್ಟಿ ಇರಲಿಲ್ಲ. ಅಂಗಳದೊಳಗೆ ಹೋದವರ ಹೆಸರು ಗೇಟಿನ ಹೊರಗಿನ ಹಲಗೆಯ ಮೇಲೆ ಇರಬೇಕು, ಹೊರಬಂದಾಗಲೇ ಅದು ಅಳಿಯಬೇಕು, ಆ ಹಲಗೆಗೆ ಹಗಲಿರುಳೂ ಇಂಥವರೇ ಎಂದು ಗೊತ್ತುಮಾಡಿದ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು ಎಂದು ಅಲ್ಲೇ ನಿಂತು ತೀರ್ಮಾನಿಸಿದೆವು. ಸಂಜೆಯೊಳಗೆ ಹಲಗೆ ಗೇಟಿನಲ್ಲಿ ತೂಗುತ್ತಿತ್ತು. ವರ್ಷವಿಡೀ ಪಾಳಿಯ ಮೇಲೆ ಆ ಕೆಲಸಕ್ಕೆ ಜನರನ್ನಿಡುವ ಸಂಬಳವನ್ನು ನಾನು ಕಾರ್ಯಾಚರಣೆಯ ವೆಚ್ಚದಲ್ಲಿ ಪ್ರತ್ಯೇಕ ಸಾಲಾಗಿಯೇ ಸೇರಿಸಿದೆ.

ಮಧ್ಯಾಹ್ನ ನೆರೆಹೊರೆಯವರ ಸಭೆಯಿತ್ತು. ಇಂಥ ಸಭೆಗಳ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಒಂದು ತಾತ್ಸಾರವಿದೆ. ಜನರಿಗೆ ತಿಳಿವಳಿಕೆಯಿಲ್ಲ, ಸುಮ್ಮನೆ ಹೆದರುತ್ತಾರೆ, ಸಮಾಧಾನ ಹೇಳಿ ಕಳಿಸಿದರೆ ಆಯಿತು ಎಂಬ ಧೋರಣೆ. ಇದು ಸರಿಯಲ್ಲ. ಅಂದು ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತು, “ಹೊಗೆ ಬಂದರೆ ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಇರಬೇಕೋ, ಮನೆ ಬಿಟ್ಟು ಹೊರಡಬೇಕೋ? ಹೊರಡಬೇಕೆಂದರೆ ಯಾವ ದಿಕ್ಕಿಗೆ? ನಮ್ಮ ಯಜಮಾನರು ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿಲ್ಲ,” ಎಂದು ಕೇಳಿದರು. ನಾನು ಓದಿದ ಎಷ್ಟೋ ಅಪಾಯ ವಿಶ್ಲೇಷಣೆಯ ವರದಿಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಇರಲಿಲ್ಲ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ ಒತ್ತಾಗಿ ಜೋಡಿಸಿದ್ದ ಬ್ಯಾಟರಿಗಳಿಗೆ ಬೆಂಕಿ ಬಿದ್ದಾಗ ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು, ಹೆದ್ದಾರಿ ಮುಚ್ಚಬೇಕಾಯಿತು. ಆ ಜನರೆಲ್ಲ ಕೇಳಿರಬಹುದಾದ ಪ್ರಶ್ನೆಯನ್ನು ಈ ತಾಯಿ ಬೆಂಕಿ ಬೀಳುವ ಮೊದಲೇ ಕೇಳಿದರು. ಠಾಣಾಧಿಕಾರಿಗಳೇ ಉತ್ತರಿಸಿದರು: ಮೊದಲು ಒಳಗಿದ್ದು ಕಿಟಕಿ ಮುಚ್ಚಬೇಕು, ಗಾಳಿಯ ದಿಕ್ಕು ನೋಡಿ ತಾವು ಹೇಳಿದ ಮೇಲಷ್ಟೇ ಹೊರಡಬೇಕು, ಎದ್ದು ಓಡಾಡಲಾಗದವರ ಪಟ್ಟಿ ಠಾಣೆಯಲ್ಲಿರುತ್ತದೆ. ಪಟ್ಟಿ ಬರೆಯುವ ಕೆಲಸ ಸಭೆಯಲ್ಲೇ ಶುರುವಾಯಿತು.

ಇಷ್ಟೆಲ್ಲ ಅಪಾಯವಿದ್ದ ಮೇಲೆ ಇಂಥ ಯೋಜನೆಗಳೇ ಬೇಡವೆಂದು ಒಬ್ಬ ಯುವಕ ವಾದಿಸಿದ. ಅವನ ಆತಂಕವನ್ನು ಗೌರವಿಸುತ್ತಲೇ ನಾನು ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೊರಾಂಗಣದ ವಾಯುಮಾಲಿನ್ಯದಿಂದ 2019ರಲ್ಲಿ ಜಗತ್ತಿನಾದ್ಯಂತ ಅಕಾಲದಲ್ಲಿ ಸತ್ತವರು ಸುಮಾರು 42 ಲಕ್ಷ. ಕಲ್ಲಿದ್ದಲು, ತೈಲಗಳನ್ನು ಸುಡುವುದು ಆ ಮಾಲಿನ್ಯದ ದೊಡ್ಡ ಮೂಲಗಳಲ್ಲೊಂದು. ಆ ಸಾವುಗಳಿಗೆ ಒಂದು ಸ್ಥಳವಿಲ್ಲ, ಒಂದು ದಿನಾಂಕವಿಲ್ಲ, ಆದ್ದರಿಂದ ಯಾವ ಸಭೆಯಲ್ಲೂ ಅವುಗಳ ಪ್ರಸ್ತಾಪ ಬರುವುದಿಲ್ಲ. ಬ್ಯಾಟರಿಯ ಬೆಂಕಿಗೆ ಸ್ಥಳ, ದಿನಾಂಕ, ಚಿತ್ರ ಎಲ್ಲವೂ ಇರುತ್ತವೆ. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಳವಡಿಸಿದ ಸಾಮರ್ಥ್ಯಕ್ಕೆ ಹೋಲಿಸಿದರೆ ಇಂಥ ಅವಘಡಗಳ ಪ್ರಮಾಣ 2018ರಿಂದ 2023ರ ನಡುವೆ ಶೇಕಡಾ 97ರಷ್ಟು ಇಳಿದಿದೆ. ಇಳಿದದ್ದು ತಾನಾಗಿಯೇ ಅಲ್ಲ. ಪ್ರತಿ ಅವಘಡವನ್ನೂ ಬಿಚ್ಚಿ ನೋಡಿ, ಅದರ ವರದಿಯನ್ನು ಬಹಿರಂಗಪಡಿಸಿ, ಮಾನದಂಡಗಳನ್ನು ತಿದ್ದಿದ್ದರಿಂದ ಇಳಿದಿದೆ. ಅವಘಡವನ್ನು ಮುಚ್ಚಿಡುವ ಉದ್ಯಮಿ ತನ್ನ ಕಂಪನಿಗೆ ಮಾತ್ರವಲ್ಲ, ಇಡೀ ಕ್ಷೇತ್ರಕ್ಕೆ ದ್ರೋಹ ಬಗೆಯುತ್ತಾನೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸಂಜೆ ಸಾಲ ನೀಡುತ್ತಿರುವ ಸಂಸ್ಥೆಯ ಪ್ರತಿನಿಧಿ ಫೋನಿನಲ್ಲಿ ಮಾತನಾಡಿದರು. ಕಂಟೇನರ್‌ಗಳ ನಡುವಿನ ಅಂತರವನ್ನು ನಿಯಮದಲ್ಲಿ ಹೇಳಿರುವ ಕನಿಷ್ಠ ಮಟ್ಟಕ್ಕೆ ಇಳಿಸಿದರೆ ಅದೇ ಜಾಗದಲ್ಲಿ ಇನ್ನೊಂದಷ್ಟು ಸಾಮರ್ಥ್ಯ ಕೂರಿಸಬಹುದಲ್ಲವೇ ಎಂಬುದು ಅವರ ಸಲಹೆ. ಅವರ ದೃಷ್ಟಿಯಿಂದ ಅದು ಸಹಜವಾದದ್ದೇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಶುದ್ಧ ಇಂಧನಕ್ಕೆ ಜಗತ್ತು ಹೂಡಿದ ಹಣ ಸುಮಾರು 2 ಲಕ್ಷ ಕೋಟಿ ಡಾಲರ್. ಇಷ್ಟು ಹಣ ಇಷ್ಟು ವೇಗವಾಗಿ ಹರಿಯುವಾಗ ಪ್ರತಿ ಅಡಿ ಜಾಗಕ್ಕೂ ಪ್ರತಿಫಲ ಕೇಳುವವರು ಇದ್ದೇ ಇರುತ್ತಾರೆ. ನಾನು ಅವರಿಗೆ ಬೇರೆ ಲೆಕ್ಕವನ್ನು ಮುಂದಿಟ್ಟೆ. ಒಂದು ಘಟಕ ಉರಿದು ಪಕ್ಕದ್ದಕ್ಕೆ ತಗುಲದಿದ್ದರೆ ನಷ್ಟ ಒಂದು ಘಟಕದ್ದು, ಸ್ಥಾವರ ಕೆಲವು ವಾರಗಳಲ್ಲಿ ಮತ್ತೆ ನಡೆಯುತ್ತದೆ. ಸಾಲುಸಾಲಾಗಿ ಹತ್ತಿಕೊಂಡರೆ ಸ್ಥಾವರ ಹೋಗುತ್ತದೆ, ವಿಮೆಯ ಕಂತು ಏರುತ್ತದೆ, ಮುಂದಿನ ಊರಿನವರು ನಮ್ಮನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಒಂದು ಕೋಶದ ಬೆಂಕಿ ಎಷ್ಟು ದೂರ ಹರಡುತ್ತದೆಂದು ಪರೀಕ್ಷಿಸಿದ ವರದಿಯನ್ನು ವಿಮಾ ಕಂಪನಿಗಳೇ ಈಗ ಕೇಳುತ್ತಿವೆ. ಅಂತರ ನಾವು ನಿಗದಿಪಡಿಸಿದಷ್ಟೇ ಉಳಿಯಿತು, ಪ್ರತಿಫಲದ ಅಂದಾಜನ್ನು ಅವರು ಸ್ವಲ್ಪ ಕೆಳಗಿಳಿಸಿ ಬರೆದುಕೊಂಡರು.

ಇತ್ಯರ್ಥವಾಗದೆ ಉಳಿದಿರುವುದು ಇನ್ನೊಂದು. ಈ ಕ್ಷೇತ್ರದಲ್ಲಿ ಯೋಜನೆ ಕಟ್ಟಿದವರೇ ಕೊನೆಯವರೆಗೂ ಅದನ್ನು ಇಟ್ಟುಕೊಳ್ಳುವುದು ಅಪರೂಪ. ಕೆಲವು ವರ್ಷ ನಡೆಸಿ ಮತ್ತೊಬ್ಬ ಹೂಡಿಕೆದಾರನಿಗೆ ಮಾರುತ್ತಾರೆ, ನಾವೂ ಮಾರಬಹುದು. ಅಗ್ನಿಶಾಮಕ ದಳಕ್ಕೆ ಪ್ರತಿವರ್ಷ ತರಬೇತಿ, ಗೇಟಿನ ಹಲಗೆಯ ಪಾಳಿ, ನಡೆದಾಡಲಾಗದವರ ಪಟ್ಟಿಯ ಪರಿಷ್ಕರಣೆ, ಕೊನೆಗೆ ಸವೆದ ಬ್ಯಾಟರಿಗಳನ್ನು ಸುರಕ್ಷಿತವಾಗಿ ತೆಗೆದು ಸಾಗಿಸಲು ಮೀಸಲಿಟ್ಟ ನಿಧಿ, ಇವೆಲ್ಲ ಸ್ಥಾವರದ ಜೊತೆಗೇ ಹೊಸ ಮಾಲೀಕನಿಗೆ ವರ್ಗವಾಗಬೇಕೆಂಬ ಷರತ್ತನ್ನು ಮಾರಾಟದ ಕರಡು ಒಪ್ಪಂದದಲ್ಲಿ ಸೇರಿಸಲು ನಮ್ಮ ವಕೀಲರಿಗೆ ಹೇಳಿದ್ದೇನೆ. ಇಂಥ ಷರತ್ತು ಇದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ ಎಂದು ಅವರು ಎಚ್ಚರಿಸಿದ್ದಾರೆ. ಇಳಿಸಲಿ, ಆ ವ್ಯತ್ಯಾಸವನ್ನು ನಾವೇ ಹೊರುತ್ತೇವೆ ಎಂದು ಪಾಲುದಾರರ ಮುಂದೆ ಹೇಳಿಯಾಗಿದೆ. ಇಬ್ಬರು ಒಪ್ಪಿದ್ದಾರೆ, ಉಳಿದವರನ್ನು ಒಪ್ಪಿಸುವ ಮಾತುಕತೆ ನಡೆಯುತ್ತಿದೆ.